ನೆರಳಿಗೆ ಆಗುವ ಗಿಡ

"ಅದನ್ನು ಕೊಯ್ಬೇಡಿ ಮಾಮಿ," ರಮಿತಾ ಅಡುಗೆಮನೆಯ ಕಿಟಕಿಯ ಸರಳಿಗೆ ಮುಖ ತಾಗಿಸಿ ಹೇಳಿದಳು. "ಅದು ಕೆಸು ಅಲ್ಲ."

ಮನೆಯ ಹಿಂಬದಿಯ ಮಣ್ಣಿನ ಪಟ್ಟಿಯಲ್ಲಿ ಬಗ್ಗಿ ನಿಂತಿದ್ದ ಅವಳ ಅತ್ತೆ ಜಲಜಾಕ್ಷಿ ತಲೆ ಎತ್ತಲಿಲ್ಲ. ಎಡಗೈಯಲ್ಲಿ ಸ್ಟೀಲಿನ ಹರಿವಾಣ, ಬಲಗೈಯಲ್ಲಿ ಚೂರಿ. ಹರಿವಾಣದಲ್ಲಿ ಆಗಲೇ ಐದಾರು ಎಲೆ ಬಿದ್ದಿದ್ದವು. ಒಂದೊಂದೂ ಮೊರದಷ್ಟು ಅಗಲ. ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಅವರು ಕೆಳಗಿಳಿದಿದ್ದರು.

"ಕೆಸು ಅಲ್ಲದೆ ಎಂತ, ಬಾಳೆಯಾ?"

"ಚಂದಕ್ಕೆ ಇಡುವ ಗಿಡ. ಎಲಿಫೆಂಟ್ ಇಯರ್. ತಿಂದ್ರೆ ಬಾಯಿ ಬಾತುಕೊಳ್ತದೆ. ನರ್ಸರಿಯವನು ಹೇಳಿದ್ದಾನೆ."

"ನರ್ಸರಿಯ ಭೈಯಾ ಹೇಳಿದ್ದಾನೆ!" ಜಲಜಾಕ್ಷಿ ಇನ್ನೊಂದು ಎಲೆಯ ತೊಟ್ಟು ಕತ್ತರಿಸಿದರು. "ಆಟಿಯ ಮಳೆಗಾಲದಲ್ಲಿ ಕೆಸು ತುರಿಸುದೇ ಮಾರಾಯ್ತಿ. ಹುಳಿ ಸ್ವಲ್ಪ ಜಾಸ್ತಿ ಹಾಕಿದ್ರೆ ಆಯ್ತು. ಡೊಂಬಿವಲಿಯಲ್ಲಿ ಹುಟ್ಟಿದವಳು ನಂಗೆ ಕೆಸು ಯಾವುದು ಅಂತ ತೋರಿಸ್ಲಿಕ್ಕೆ ಬರ್ತಾಳೆ."

ರಮಿತಾ ಹಿಂದೆ ತಿರುಗಿದಳು. ಕಿಟಕಿಯಿಂದ ಮೂರು ಹೆಜ್ಜೆ ದೂರದ ವಾಶ್‌ಬೇಸಿನ್ನಿನ ಮುಂದೆ ಅವಳ ಗಂಡ ಯತಿನ್ ಗಡ್ಡ ಹೆರೆಯುತ್ತಿದ್ದ. ನಲ್ಲಿ ನಿಂತಿತ್ತು.

"ಯತಿನ್, ತುಮ್ ಬೋಲೋ ನಾ. ಸಚ್ ಮೇ ಜಹರ್ ಹೈ ವೋ, ವಿಷ."

ಅವನು ಗಲ್ಲದ ನೊರೆ ಒರೆಸಿಕೊಂಡು ನಕ್ಕ. "ಛೋಡ್ ನಾ. ನಲವತ್ತು ವರ್ಷದಿಂದ ಕೆಸುವಿನೆಲೆಯ ಪತ್ರೊಡೆ ಮಾಡ್ತಾ ಇದ್ದಾರೆ. ಮಮ್ಮಿಗೆ ಗೊತ್ತಿರ್ತದೆ."

ಅಂದು ಶನಿವಾರ. ರಮಿತಾಳಿಗೆ ಬೇಲಾಪುರದ ಕಚೇರಿಗೆ ಹೋಗಬೇಕಿತ್ತು. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಬೇಕು. ಅವಳು ಡಬ್ಬ ಚೀಲಕ್ಕೆ ಹಾಕಿ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ, "ಮಾಮಿ, ಅದನ್ನು ಯಾರಿಗೂ ಕೊಡ್ಬೇಡಿ" ಎಂದಳು.

ಮನೆಗೆ ನೆರಳು ಬಂದದ್ದು ಎರಡು ವರ್ಷದ ಹಿಂದೆ. ಡೊಂಬಿವಲಿ ಪೂರ್ವದ ಹಳೆಯ ನಾಲ್ಕು ಮಾಳಿಗೆಯ ಸೊಸೈಟಿ ಅದು. ಗ್ರೌಂಡ್ ಫ್ಲೋರಿನವರಿಗೆ ಕಟ್ಟಡದ ಹಿಂಬದಿಯಲ್ಲಿ, ಕಂಪೌಂಡು ಗೋಡೆಯವರೆಗೆ, ಒಂದು ಮಣ್ಣಿನ ಪಟ್ಟಿ ಬಳಸಲು ಬಿಟ್ಟಿದ್ದರು. ಗೋಡೆಯಾಚೆ ಚಾಳಿನ ತಗ್ಗು ಮನೆಗಳಿದ್ದಷ್ಟು ದಿನ ಬೆಳಗ್ಗಿನ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ಚಾಳ್ ಒಡೆದು ಟವರ್ ಎದ್ದಿತು. ಮೊದಲು ತುಳಸಿ ಒಣಗಿತು. ಮಲ್ಲಿಗೆ ಬಳ್ಳಿ ಎಲೆ ಬಿಟ್ಟಿತೇ ಹೊರತು ಮೊಗ್ಗು ಬಿಡಲಿಲ್ಲ. ಬಸಳೆ ಕಡ್ಡಿಯಾಯಿತು. ನೆರಳಲ್ಲೂ ಬದುಕಬಹುದಾಗಿದ್ದ ಗಟಾರದ ಬದಿಯ ಊರ ಕೆಸುವನ್ನು ಟವರಿನ ಪೈಪ್ ಹಾಕುವಾಗ ಜೆಸಿಬಿ ಎತ್ತಿಕೊಂಡು ಹೋಯಿತು.

ಜಲಜಾಕ್ಷಿ ಟವರನ್ನು ಬೈಯಲಿಲ್ಲ. "ತುಳಸಿ ಒಣಗುದು ಸುಮ್ಮನೆ ಅಲ್ಲ," ಎಂದು ಊರಿಗೆ ಫೋನು ಮಾಡಿ ತಂಗಿಗೆ ಹೇಳಿದರು, ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ. "ಮನೆಗೆ ಬಂದವರ ಕೈಗುಣ ಉಂಟಲ್ಲ."

ರಮಿತಾ ಕೆಲವು ಭಾನುವಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದೇ ಕಿಟಕಿಯಲ್ಲಿ ನಿಂತು ಪಟ್ಟಿಯ ಫೋಟೋ ತೆಗೆದಳು. ಎಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸಂಗತಿ ಸ್ಪಷ್ಟವಾಯಿತು. ನೇರ ಬಿಸಿಲು ಎಲ್ಲೂ ಇಲ್ಲ. ಮಧ್ಯಾಹ್ನ ಟವರಿನ ಬಿಳಿ ಗೋಡೆಯಿಂದ ತಿರುಗಿ ಬೀಳುವ ಬೆಳಕು ಪಟ್ಟಿಯ ಅರ್ಧಕ್ಕೆ ಮಾತ್ರ. ಗೋಡೆಯ ಬುಡ ಬೇಸಗೆಯಲ್ಲೂ ಒದ್ದೆ.

ಕಲ್ಯಾಣ–ಶೀಲ್ ರಸ್ತೆಯ ನರ್ಸರಿಯವನು ಆ ಫೋಟೋಗಳನ್ನು ನೋಡಿ ಗಂಭೀರನಾದ. ಗಿರಾಕಿಗಳು ಸಾಮಾನ್ಯವಾಗಿ ಹೂವಿನ ಗಿಡ ಬೇಕು ಎನ್ನುತ್ತಾರೆ, ಬಿಸಿಲಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆ, ಆಮೇಲೆ ಬಂದು ಜಗಳವಾಡುತ್ತಾರೆ. ಇವಳು ಹಾಗಲ್ಲ. ಸ್ನೇಕ್ ಪ್ಲಾಂಟ್ ನೆರಳಿಗೆ ಆದೀತು, ಆದರೆ ಒದ್ದೆಯಲ್ಲಿ ಕೊಳೆಯುತ್ತದೆ ಎಂದು ಬಿಟ್ಟರು. ಗೋಡೆಗೆ ಮನಿ ಪ್ಲಾಂಟ್, ಮೂಲೆಗಳಿಗೆ ಜರಿಗಿಡ, ಉಳಿದ ಉದ್ದಕ್ಕೂ ಎಲಿಫೆಂಟ್ ಇಯರ್ ಎಂದಾಯಿತು. ಅದಕ್ಕೆ ನೆರಳೂ ಬೇಕು, ಒದ್ದೆಯೂ ಬೇಕು.

"ಘರ್ ಮೇ ಬಚ್ಚೇ ಹೈ?" ಗಿಡ ತುಂಬಿಸುವಾಗ ಅವನು ಮಕ್ಕಳ ವಿಷಯ ಕೇಳಿದ.

"ನಹೀ."

"ಫಿರ್ ಠೀಕ್ ಹೈ. ಮೂಹ್ ಮೇ ನಹೀ ಜಾನಾ ಚಾಹಿಯೇ." ಬಾಯಿಗೆ ಹೋಗಬಾರದು ಎಂದು ಅವನು ಒಂದು ಎಲೆ ಹಿಡಿದು ತೋರಿಸಿದ. ತಿನ್ನುವ ಕೆಸುವಿನ ಎಲೆಯ ತುದಿ ನೆಲ ನೋಡುತ್ತದೆ. ಇದರದ್ದು ಆಕಾಶ ನೋಡುತ್ತದೆ. ಅಷ್ಟು ನೆನಪಿಟ್ಟರೆ ಸಾಕು ಎಂದ.

ನೆಟ್ಟ ದಿನ ಜಲಜಾಕ್ಷಿ ಹಿಂಬಾಗಿಲ ಮೆಟ್ಟಿಲಲ್ಲಿ ನಿಂತು ನೋಡಿದರು. "ದೇವರಿಗೆ ಇಡ್ಲಿಕ್ಕೆ ಆಗುದಿಲ್ಲ, ಪಲ್ಯಕ್ಕೆ ಆಗುದಿಲ್ಲ. ಹೂವೂ ಇಲ್ಲ, ಕಾಯಿಯೂ ಇಲ್ಲ. ಆರಿಸಿದವಳಿಗೆ ತಕ್ಕ ಗಿಡ." ಮದುವೆಯಾಗಿ ಏಳು ವರ್ಷವಾಗಿತ್ತು. ಯತಿನ್ ಒಳಗೆ ಟಿವಿಯ ದನಿ ಸ್ವಲ್ಪ ಏರಿಸಿದ.

ಆದರೆ ಒಂದೇ ಮಳೆಗಾಲಕ್ಕೆ ಪಟ್ಟಿ ತುಂಬಿತು. ಮೇಲಿನ ಮಾಳಿಗೆಯವರು ಬಾಲ್ಕನಿಯಿಂದ ಫೋಟೋ ತೆಗೆದರು. ಡೊಂಬಿವಲಿಯಲ್ಲಿರುವ ಕರಾವಳಿಯವರ ಸಂಘದ ಮಹಿಳಾ ವಿಭಾಗದ ವಿಮಲಾ ಒಂದು ಸಂಜೆ ಚಹಾಕ್ಕೆ ಬಂದವರು ಹಿಂಬಾಗಿಲಲ್ಲಿ ನಿಂತು, "ಅಬ್ಬ ಜಲಜಕ್ಕ, ಎಂಥಾ ಕೆಸು ಮಾರಾಯ್ರೆ!" ಎಂದರು.

"ಊರಿಂದ ತರಿಸಿದ್ದು," ಎಂದರು ಜಲಜಾಕ್ಷಿ. "ಈ ಸಲ ಆಟಿಗೆ ಪತ್ರೊಡೆ ನಂದೇ."

ರಮಿತಾ ಆಗ ಚಹಾದ ಲೋಟ ತೊಳೆಯುತ್ತಿದ್ದಳು. ಅತ್ತೆ ಜಂಬಕ್ಕೆ ಹೇಳಿದ್ದು ಎಂದುಕೊಂಡು ಲೋಟ ಕವುಚಿಟ್ಟಳು.

ಆಟಿ ತಿಂಗಳ ಒಂದು ಭಾನುವಾರ ಊರಿನ ತಿನಿಸುಗಳನ್ನು ಮನೆಮನೆಯಲ್ಲಿ ಮಾಡಿ ತಂದು ಒಟ್ಟಿಗೆ ಉಣ್ಣುವುದು ಸಂಘದ ರೂಢಿ. ಎಲೆ ಕೊಯ್ದ ಮರುದಿನ ಬಾಡಿಗೆಯ ಹಾಲಿನಲ್ಲಿ ಉದ್ದ ಮೇಜುಗಳ ಮೇಲೆ ತಿಮರೆ ಎಂಬ ಒಂದೆಲಗದ ಚಟ್ನಿ, ಹಲಸಿನ ಬೀಜದ ಪಲ್ಯ, ಅರಿಶಿನ ಎಲೆಯ ಕಡುಬು ಸಾಲಾಗಿದ್ದವು. ಜಲಜಾಕ್ಷಿಯ ಪತ್ರೊಡೆ ಎರಡು ದೊಡ್ಡ ಹರಿವಾಣಗಳಲ್ಲಿ ನಡುವೆ ಕೂತಿತ್ತು. ಅವರು ಅದರ ರುಚಿ ನೋಡಿರಲಿಲ್ಲ. ಹತ್ತು ಜನಕ್ಕೆ ಹೋಗುವ ಅಡುಗೆಯನ್ನು ಎಂಜಲು ಮಾಡಬಾರದು. ಹಿಟ್ಟಿನ ಪರಿಮಳದಲ್ಲೇ ಉಪ್ಪು ಹುಳಿ ತಿಳಿಯುತ್ತದೆ ಎಂದು ಅವರು ಯಾವಾಗಲೂ ಹೇಳುತ್ತಿದ್ದರು.

ರಮಿತಾ ತಡವಾಗಿ ಬಂದಳು. ಹಿಂದಿನ ಸಂಜೆ ಮನೆಯಲ್ಲಿ ಆ ಎಲೆಗಳು ಕಾಣದೆ, ಅತ್ತೆ ಬಿಸಾಡಿರಬೇಕು ಎಂದುಕೊಂಡಿದ್ದಳು. ಬೆಳಗ್ಗೆಯೇ ಸಂಘದವರು ಅವಳನ್ನು ಬಾಳೆ ಎಲೆ ಕೊಳ್ಳಲು ಮಾರ್ಕೆಟ್ಟಿಗೆ ಕಳುಹಿಸಿದ್ದರು. ಅವಳು ಹಾಲಿನ ಬಾಗಿಲಿಗೆ ಬರುವ ಹೊತ್ತಿಗೆ ಜಲಜಾಕ್ಷಿ ಒಂದು ತುಂಡನ್ನು ಮುರಿದು ಸಂಘದ ಅಧ್ಯಕ್ಷ ತಾರಾನಾಥರ ಮೊಮ್ಮಗಳು ತನ್ವಿಯ ಬಾಯಿಗೆ ಇಡುತ್ತಿದ್ದರು.

"ಅಜ್ಜಿ ಕೈಯಿಂದ ಮೊದಲ ತುತ್ತು, ಬಂಗಾರು."

ಆರು ವರ್ಷದ ತನ್ವಿ ಎರಡು ಸಲ ಅಗಿದಳು. ನಂತರ ಅಜ್ಜನ ಕಡೆ ತಿರುಗಿ, "ಅಜ್ಜಾ, ಇಸ್ಮೇ ಕಾಂಟಾ ಹೈ," ಎಂದಳು. ಮುಳ್ಳಿದೆ ಎಂದಾಗ ಎಲ್ಲರೂ ನಕ್ಕರು. ಆಮೇಲೆ ಅವಳು ನಾಲಿಗೆಯನ್ನು ಎರಡೂ ಕೈಯಿಂದ ಹೊರಗೆ ಎಳೆಯತೊಡಗಿದಳು.

ಅಷ್ಟರಲ್ಲಿ ಮೇಜಿನ ಸುತ್ತಲಿದ್ದವರೂ ತಿಂದಾಗಿತ್ತು. ಯಾರೋ ಮಜ್ಜಿಗೆ ಎಂದರು, ಯಾರೋ ಬೆಲ್ಲ ಎಂದರು. ಗಂಟಲು ಹಿಡಿದುಕೊಂಡು ಹತ್ತು ಹನ್ನೆರಡು ಮಂದಿ ನಲ್ಲಿಗೆ ಓಡಿದರು. ಮಗುವಿನ ತುಟಿ ಎಲ್ಲರ ಕಣ್ಣೆದುರೇ ಬಾತಿತು. ಜೊಲ್ಲು ಇಳಿಯುತ್ತಿತ್ತು, ಅಳುವಿನ ದನಿ ಹೊರಡುತ್ತಿರಲಿಲ್ಲ. ಅದರ ತಾಯಿ ಶ್ರದ್ಧಾ ಮಗುವನ್ನು ಎತ್ತಿಕೊಂಡು ರಿಕ್ಷಾಕ್ಕೆ ಓಡಿದಳು. ತಾರಾನಾಥ ಚಪ್ಪಲಿಯಿಲ್ಲದೆ ಹಿಂದೆ ಓಡಿದರು.

ಜಲಜಾಕ್ಷಿ ಸೌಟು ಹಿಡಿದು ನಿಂತೇ ಇದ್ದರು. ಬಡಿಸುತ್ತಿದ್ದುದರಿಂದ ಅವರು ತಿಂದಿರಲಿಲ್ಲ.

"ಎಂತ ಕೆಸು ಇದು ಜಲಜಕ್ಕ?" ವಿಮಲಾರ ದನಿ ಒಡೆದಿತ್ತು. "ಊರಿಂದ ತರಿಸಿದ್ದು ಹೇಳಿದ್ರಲ್ಲ?"

ಜಲಜಾಕ್ಷಿ ಹರಿವಾಣ ನೋಡಿದರು, ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದರು.

"ನಾನು ತಂದದ್ದಲ್ಲ. ಇವಳು ನೆಟ್ಟದ್ದು. ತಿನ್ಲಿಕ್ಕೆ ಆಗ್ತದಾ ಅಂತ ಕೇಳಿಯೇ ಕೊಯ್ದೆ. ಆಗ್ತದೆ ಹೇಳಿದ್ಲು."

ಗಾಬರಿಯಲ್ಲಿ ರಮಿತಾಳ ಬಾಯಿಗೆ ಬಂದದ್ದು ಹಿಂದಿ. "ಝೂಟ್! ಮೈನೇ ಮನಾ ಕಿಯಾ ಥಾ. ದೋ ಬಾರ್ ಬೋಲಾ ಥಾ!" ಅತ್ತೆಗೆ ಎಲ್ಲರೆದುರು ಸುಳ್ಳಿ ಎಂದದ್ದು ಮಾತ್ರ ಜನಕ್ಕೆ ಕೇಳಿಸಿತು. ಅವಳು ತಡವರಿಸಿ ಕನ್ನಡಕ್ಕೆ ಬಂದಳು. "ಬೇಡ ಹೇಳಿದ್ದೆ ನಾನು. ಯತಿನ್ ಅಲ್ಲೇ ಇದ್ರು. ಅವರನ್ನೇ ಕೇಳಿ."

ಯತಿನ್ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ. ಎಲ್ಲರೂ ಅವನತ್ತ ತಿರುಗಿದರು. ಅವನು ಕೈಯಲ್ಲಿದ್ದ ಕುರ್ಚಿಯನ್ನು ನಿಧಾನವಾಗಿ ಕೆಳಗಿಟ್ಟ.

"ನಂಗೆ ಗೊತ್ತಿಲ್ಲ," ಎಂದ. "ನಾನು ಶೇವ್ ಮಾಡ್ತಾ ಇದ್ದೆ."

ಮಗು ಎರಡು ರಾತ್ರಿ ಆಸ್ಪತ್ರೆಯಲ್ಲಿತ್ತು. ಮರುದಿನ ಮೂವರೂ ಕ್ಷಮೆ ಕೇಳಲು ಹೋದರು. ಕೋಣೆಯ ಬಾಗಿಲಲ್ಲಿ ಶ್ರದ್ಧಾ ಜಲಜಾಕ್ಷಿಯನ್ನೂ ಯತಿನನನ್ನೂ ಒಳಗೆ ಬಿಟ್ಟಳು, ರಮಿತಾಳ ಮುಂದೆ ಕೈ ಅಡ್ಡ ಇಟ್ಟಳು. "ನೀವು ಹೊರಗೇ ಇರಿ. ನನ್ನ ಮಗುವನ್ನು ನೋಡ್ಬೇಡಿ."

ಒಳಗಿನ ಮಾತು ಕಾರಿಡಾರಿಗೆ ಕೇಳುತ್ತಿತ್ತು. "ಹೆತ್ತಿದ್ರೆ ಗೊತ್ತಾಗ್ತಿತ್ತು ಅವಳಿಗೆ," ಅತ್ತೆ ಹೇಳುತ್ತಿದ್ದರು, "ಮಕ್ಕಳು ಓಡಾಡುವ ಕಡೆ ಎಂತದ್ದು ನೆಡ್ಬಾರ್ದು ಅಂತ. ಕೆಲವರಿಗೆ ಬೇರೆಯವರ ಮಕ್ಕಳನ್ನು ಕಂಡ್ರೆ ಆಗುದಿಲ್ಲ, ಎಂತ ಮಾಡುದು." ಯತಿನನ ದನಿ ಕೇಳಲಿಲ್ಲ.

ಹಿಂದಿರುಗುವಾಗ ಜಲಜಾಕ್ಷಿ, ಮಗುವನ್ನು ನೋಡಲು ಬಂದಿದ್ದ ವಿಮಲಾರ ಕಾರಿನಲ್ಲಿ ಹೋದರು. ರಿಕ್ಷಾದಲ್ಲಿ ಯತಿನ್ ಹೆಂಡತಿಯ ಮೊಣಕಾಲ ಮೇಲೆ ಕೈ ಇಟ್ಟ. "ಮತ್ತೆ ಎಂತ ಹೇಳ್ಬೇಕಿತ್ತು ನಾನು? ಸಬ್ ಕೇ ಸಾಮ್ನೇ ಮಮ್ಮಿಯನ್ನು ಸುಳ್ಳಿ ಮಾಡ್ಬೇಕಿತ್ತಾ? ನೀನು ಚಿಕ್ಕವಳು. ನಾಲ್ಕು ದಿನಕ್ಕೆ ಎಲ್ಲ ಮರೀತಾರೆ."

ಯಾರೂ ಮರೆಯಲಿಲ್ಲ. ನವರಾತ್ರಿಯ ಭಜನೆಗೆ ಹೋದಾಗ ಹೆಂಗಸರು ರಮಿತಾಳಿಗೆ ಆರತಿ ತಟ್ಟೆ ಕೊಟ್ಟರು, ಪ್ರಸಾದದ ಪಾತ್ರೆ ಮುಟ್ಟಲು ಬಿಡಲಿಲ್ಲ. ಒಬ್ಬಾಕೆ ಮಗುವನ್ನು ಸೆರಗಿನ ಇನ್ನೊಂದು ಬದಿಗೆ ಸರಿಸಿಕೊಂಡಳು. ಆಮೇಲೆ ರಮಿತಾ ಸಂಘಕ್ಕೆ ಹೋಗುವುದನ್ನೇ ಬಿಟ್ಟಳು. ಜಲಜಾಕ್ಷಿ ಒಬ್ಬರೇ ಹೋಗಿ ಬರುತ್ತಿದ್ದರು.

ಗಿಡಗಳನ್ನು ಕಿತ್ತದ್ದೂ ರಮಿತಾಳೇ. ಆಸ್ಪತ್ರೆಯಿಂದ ಬಂದ ಸಂಜೆ ಜಲಜಾಕ್ಷಿ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. "ಬೇರು ಸಮೇತ ಬರ್ಬೇಕು. ಒಂದು ಚೂರೂ ಉಳೀಬಾರ್ದು." ಅವಳು ಗುದ್ದಲಿಯಲ್ಲಿ ಬಗೆದಳು. ಗವಸು ತರಲು ಅತ್ತೆ ಬಿಡಲಿಲ್ಲ, "ಕೈಗೆ ಸ್ವಲ್ಪ ತುರಿಸ್ಲಿ, ಬುದ್ಧಿ ಬರ್ತದೆ" ಎಂದರು. ರಸ ತಾಗಿದಲ್ಲೆಲ್ಲ ಮೊಣಕೈವರೆಗೆ ಚರ್ಮ ಕೆಂಪಾಗಿ ಎದ್ದಿತು. ಕತ್ತಲಾಗುವ ಮೊದಲು ಪಟ್ಟಿ ಬೋಳಾಯಿತು.

ದೀಪಾವಳಿಗೆ ಊರಿಂದ ಬಂದ ಸಂಬಂಧಿಕನೊಬ್ಬ ಚೀಲದಲ್ಲಿ ಕೆಸುವಿನ ಗೆಡ್ಡೆ ತಂದ. "ನೆರಳಿಗೆ ಇದೂ ಆಗ್ತದೆ," ಜಲಜಾಕ್ಷಿ ಚೀಲವನ್ನು ಸೊಸೆಯ ಕಾಲ ಬಳಿ ಇಟ್ಟರು. "ನಿನ್ನ ಭೈಯಾ ಹೇಳ್ಲಿಲ್ವಾ?" ಬೇಸಗೆ ಮುಗಿಯುವ ಹೊತ್ತಿಗೆ ರಮಿತಾ ಅವನ್ನು ಸಾಲಾಗಿ ನೆಟ್ಟಳು. ಅತ್ತೆ ಒಳಗೆ ಮಲಗಿದ್ದಾಗ, ಕೊನೆಯಲ್ಲಿ, ನೀರಿನ ಪೈಪಿನ ಪಕ್ಕ ಇನ್ನೊಂದು ಗುಳಿ ತೋಡಿದಳು. ಕಿತ್ತ ದಿನವೇ ತೆಗೆದಿರಿಸಿ, ಹಿಂಬಾಗಿಲ ಬಳಿಯ ಹಳೆ ಕುಂಡದ ಮಣ್ಣಿನಲ್ಲಿ ಹುಗಿದಿಟ್ಟಿದ್ದ ಹೆಬ್ಬೆರಳಿನಷ್ಟು ಗೆಡ್ಡೆಯೊಂದನ್ನು ಅದರಲ್ಲಿ ಇಟ್ಟು ಮಣ್ಣು ಮುಚ್ಚಿದಳು.

ಜೂನಿನ ಮಳೆಗೆ ಎಲ್ಲವೂ ಒಟ್ಟಿಗೆ ಚಿಗುರಿದವು. ಎಳೆಯದಾಗಿರುವಾಗ ಎಲ್ಲವೂ ಒಂದೇ ಹಾಗೆ. ಜಲಜಾಕ್ಷಿ ಸಂಘದಲ್ಲಿ, ಈ ಸಲ ನಿಜವಾಗಿ ಊರ ಕೆಸು, ಎಂದು ಹೇಳಿ ಬಂದರು. "ನೀವು ಮಜ್ಜಿಗೆ ತಂದ್ರೆ ಸಾಕು ಜಲಜಕ್ಕ," ಎಂದಿದ್ದರು ವಿಮಲಾ. ಅಲ್ಲಿದ್ದವರು ನಕ್ಕಿದ್ದರು. ಆ ನಗು ಮನೆಗೂ ಬಂದಿತ್ತು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ನಂತರ, "ನಮ್ಮ ಮನೆಯಲ್ಲಿ ನಾವು ಮಾಡಿ ತಿನ್ನುವಾ. ಯಾರ ಹಂಗು?" ಎಂದರು.

ಆಗ ರಮಿತಾ ಚಹಾ ಸೋಸುತ್ತ ಹೇಳಿದಳು. "ಒಂದು ಹಳೇ ಗೆಡ್ಡೆ ಮಣ್ಣಲ್ಲಿ ಉಳಿದಿತ್ತು ಕಾಣ್ತದೆ ಮಾಮಿ. ಒಟ್ಟಿಗೇ ಚಿಗುರಿದೆ."

ಜಲಜಾಕ್ಷಿಯ ಕೈಯ ಲೋಟ ನಿಂತಿತು. "ಯಾವುದು?"

"ನಂಗೆ ಹೇಗೆ ಗೊತ್ತಾಗ್ಬೇಕು? ನಾನು ಡೊಂಬಿವಲಿಯಲ್ಲಿ ಹುಟ್ಟಿದವಳು. ನಿಮಗೆ ನೋಡಿದ ಕೂಡ್ಲೇ ಗೊತ್ತಾಗ್ತದಲ್ಲ."

ಅಂದಿನಿಂದ ಜಲಜಾಕ್ಷಿ ಮಳೆ ಬಿಟ್ಟಾಗಲೆಲ್ಲ ಹಿಂಬಾಗಿಲಿಗೆ ಹೋಗತೊಡಗಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಎಲೆಯ ಹಿಂದಿನ ನರಗಳನ್ನು ಬೆರಳಿನಿಂದ ಸವರಿದರು, ತೊಟ್ಟು ಮೂಸಿದರು. ಒಮ್ಮೆ ಚೂರಿ ಹರಿವಾಣ ಹಿಡಿದು ಇಳಿದವರು ಒಂದು ಗಿಡದ ಮುಂದೆ ನಿಂತು, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಅದನ್ನೂ ಬಿಟ್ಟು, ಖಾಲಿ ಹರಿವಾಣದೊಂದಿಗೆ ಮೆಟ್ಟಿಲು ಹತ್ತಿದರು. ಕಿಟಕಿಯ ಹಿಂದೆ ರಮಿತಾ ಈರುಳ್ಳಿ ಹೆಚ್ಚುತ್ತಿದ್ದಳು.

"ಎಲ್ಲ ಕಿತ್ತು ಬಿಸಾಡು," ಎಂದರು ಅವರು.

"ಊರಿಂದ ಬಂದದ್ದಲ್ವಾ ಮಾಮಿ. ಸಂಘದಲ್ಲಿ ಎಲ್ಲರಿಗೂ ಹೇಳಿಯೂ ಆಗಿದೆ. ಕಿತ್ರೆ ನಗ್ತಾರೆ."

ಆಟಿಯ ಒಂದು ಭಾನುವಾರ ರಮಿತಾ ಗಂಡನೂ ಅತ್ತೆಯೂ ಏಳುವ ಮೊದಲೇ ಎಲೆ ಕೊಯ್ದು ತಂದಿದ್ದಳು. ಅಕ್ಕಿ ರುಬ್ಬಿ, ಹುಳಿ, ಮೆಣಸು, ಬೆಲ್ಲ ಸೇರಿಸಿ, ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರಿ ಸುತ್ತಿದಳು. ಏಳೆಂಟು ವರ್ಷ ಅತ್ತೆ ಮಾಡುವುದನ್ನು ನೋಡಿದ್ದಳು, ಕೈ ಎಲ್ಲೂ ತಪ್ಪಲಿಲ್ಲ. ಬೇಯುವ ಪರಿಮಳಕ್ಕೆ ಜಲಜಾಕ್ಷಿ ಎದ್ದು ಬಂದರು. ಒಲೆಯ ಮೇಲಿನ ಪಾತ್ರೆ ನೋಡಿ ಏನೂ ಕೇಳದೆ ಹೋಗಿ ಮೇಜಿನ ಮುಂದೆ ಕೂತರು.

ಮಧ್ಯಾಹ್ನ ಅವಳು ಪತ್ರೊಡೆಯನ್ನು ತುಂಡು ಮಾಡಿ, ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿ, ಎರಡು ತಟ್ಟೆಗೆ ಬಡಿಸಿದಳು. ಗಂಡನಿಗೊಂದು, ಅತ್ತೆಗೊಂದು.

"ನಿಂಗೆ?" ಜಲಜಾಕ್ಷಿ ಕೇಳಿದರು.

"ನಾನು ಆಮೇಲೆ. ನೀವು ಶುರು ಮಾಡಿ."

ಯತಿನ್ ಒಂದು ತುಂಡು ಎತ್ತಿದವನು ಅದನ್ನು ತಟ್ಟೆಯ ಮೇಲೆಯೇ ಹಿಡಿದ. "ಎಲೆ ನೋಡಿ ಕೊಯ್ದದ್ದು ಅಲ್ವಾ? ಪಕ್ಕಾ?"

ರಮಿತಾ ಸೌಟನ್ನು ತೊಳೆದು ಒರೆಸಿ ಮೊಳೆಗೆ ತೂಗುಹಾಕಿದಳು.

"ನಂಗೆ ಗೊತ್ತಿಲ್ಲ," ಎಂದಳು.

ಯತಿನ್ ನಗಲು ನೋಡಿದ. ತಾಯಿಯ ಕಡೆ ತಿರುಗಿದ. ಜಲಜಾಕ್ಷಿ ತಮ್ಮ ತಟ್ಟೆಯನ್ನು ಮುಟ್ಟಿರಲಿಲ್ಲ. ಅವರು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಗನ ಬಾಯಿಯನ್ನೇ ನೋಡುತ್ತಿದ್ದರು.

"ತಿನ್ನು ಮಗಾ," ಎಂದರು. "ನೀನು ತಿಂದು ಹೇಳು."

ಅವನು ಬಾಯಿಗೆ ಇಟ್ಟ. ನಿಧಾನವಾಗಿ ಅಗಿದ. ಅಗಿಯುತ್ತಿದ್ದಂತೆ ಹಣೆಯಲ್ಲಿ ಬೆವರು ಒಡೆಯಿತು. ಕೈ ತಾನಾಗಿ ಗಂಟಲಿಗೆ ಹೋಯಿತು. ಒಮ್ಮೆ ನುಂಗಿ, ನೀರಿನ ಲೋಟದ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ ಕಾದ. ಜಲಜಾಕ್ಷಿಯೂ ಕಾದರು. ತಟ್ಟೆಯಲ್ಲಿ ಎಣ್ಣೆ ಆರುತ್ತಿತ್ತು.

ಇಬ್ಬರ ಬೆನ್ನೂ ಕಿಟಕಿಗಿತ್ತು. ರಮಿತಾ ಅವರೆದುರು ಗೋಡೆಗೆ ಒರಗಿ ಹೊರಗೆ ನೋಡಿದಳು. ಮಳೆ ಈಗಷ್ಟೇ ಬಿಟ್ಟಿತ್ತು. ಪಟ್ಟಿಯ ಉದ್ದಕ್ಕೂ ಎಲೆ ಕೊಯ್ದ ತೊಟ್ಟುಗಳು ಮೋಟಾಗಿ ನಿಂತಿದ್ದವು. ಪೈಪಿನ ಪಕ್ಕದ ಗಿಡದಲ್ಲಿ ಮಾತ್ರ ಮೂರೂ ಎಲೆ ಹಾಗೇ ಇದ್ದವು, ತೊಳೆದು ಹೊಳೆಯುತ್ತ, ತುದಿಯನ್ನು ಟವರಿನ ಸಂದಿಯ ಆಕಾಶಕ್ಕೆ ಎತ್ತಿ.